ಹೊರಡುವವರ ಬೆಡ್‌ಶೀಟುಗಳು

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸುವುದು ಪಿಟೀಲಿನ ಕೆಲಸ. ಹುಡುಗಿಗೆ ಆ ಹೆಸರಿಟ್ಟವನು ಅವಳ ಅಪ್ಪನೇ. ಎದ್ದಾಗಿನಿಂದ ಮಲಗುವವರೆಗೆ ಒಂದಲ್ಲ ಒಂದಕ್ಕೆ ರಾಗ ಎಳೆಯುತ್ತಾಳೆ ಅಂತ. ತನ್ನ ತಂಗಿಗೂ ಅವನು ಒಂದು ಹೆಸರಿಟ್ಟಿದ್ದ: ಚಿನಕುರುಳಿ. ಆ ತಂಗಿ ವೃದ್ಧಾಶ್ರಮದ ಕೆಲಸಕ್ಕೆಂದು ಪರದೇಶಕ್ಕೆ ಹೋಗಿ ತಿಂಗಳು ದಾಟಿತ್ತು. ವಾರಕ್ಕೊಮ್ಮೆ, ಮನೆಯವರೆಲ್ಲ ತಟ್ಟೆ ಮುಂದೆ ಕೂತ ಹೊತ್ತಿಗೆ, ಅವಳ ಮುಖ ಜಗ್ಗಿನ ಮುಂದೆ ಮೂಡುತ್ತಿತ್ತು.

"ಊಟ ಆಯ್ತೇನೇ?" ತಾಯಿ ಫೋನಿಗೆ ತೀರ ಹತ್ತಿರ ಬಗ್ಗಿ ಕೇಳಿದಳು.

"ಆಯ್ತಮ್ಮ."

"ಏನಿತ್ತು?"

"ಎಲ್ಲಾ ಇತ್ತಮ್ಮ."

"ಎಲ್ಲಾ ಅಂದ್ರೆ ಏನು? ಹೆಸರಿಲ್ವಾ ಅದಕ್ಕೆ?"

"ಅಜ್ಜಿ, ನಿಮ್ಮ ಹಣೆ ಮಾತ್ರ ಕಾಣ್ತಿದೆ ಅತ್ತೆಗೆ. ಸ್ವಲ್ಪ ಹಿಂದೆ ಬನ್ನಿ," ಎಂದಳು ಪಿಟೀಲು.

ಅಣ್ಣ ತುತ್ತು ನುಂಗಿ ಕೇಳಿದ, "ಕೆಲಸ ಹೇಗಿದೆ? ಮುದುಕರು ಕಾಟ ಕೊಡ್ತಾರಾ?"

"ಇಲ್ಲಣ್ಣ. ಚೆನ್ನಾಗಿದೆ."

"ಯೂನಿಫಾರ್ಮ್ ನೋಡೇ," ಅಣ್ಣ ಹೆಂಡತಿಯ ಕಡೆ ತಿರುಗಿದ. "ಕಾಲರ್ ಹೇಗೆ ಕೂತಿದೆ! ಒಂದು ಸುಕ್ಕಿಲ್ಲ. ಕೆಲಸದವರನ್ನ ಇಷ್ಟು ನೀಟಾಗಿ ಇಟ್ಟಿದಾರೆ ಅಂದ್ರೆ ಎಂಥ ಜಾಗ ಇರಬೇಕು!"

ಅತ್ತಿಗೆ ನೋಡಿದಳು. ಕಾಲರ್ ಚೆನ್ನಾಗಿಯೇ ಕೂತಿತ್ತು. ಆದರೆ ಮಾತಿಗೆ ಮಾತು ಪಟಪಟ ಸಿಡಿಸುತ್ತಿದ್ದ ನಾದಿನಿ ಒಂದೊಂದು ಪದಕ್ಕೂ ತಡೆದು ಉತ್ತರ ಕೊಡುತ್ತಿದ್ದದ್ದು ಅವಳಿಗೆ ವಿಚಿತ್ರವಾಗಿ ಕಂಡಿತು. ಅದನ್ನು ಅವಳು ಹೇಳಲಿಲ್ಲ. ಊಟದ ಮುಂದೆ ಗೋಳು ತೆಗೆಯಬಾರದು ಎಂಬುದು ತೀರಿಹೋದ ಮಾವನವರು ಮಾಡಿಟ್ಟ ಕಟ್ಟಳೆ. ಸಾಲ, ಜ್ವರ, ಜಗಳ, ಏನಿದ್ದರೂ ಕೈ ತೊಳೆದ ಮೇಲೆ. ಕೈ ತೊಳೆಯುವಷ್ಟರಲ್ಲಿ ಫೋನು ಕಟ್ಟಾಗುತ್ತಿತ್ತು.

ಕೆಳಗೆ ಲಾಂಡ್ರಿ, ಮೇಲೆ ಮನೆ. ಲಾಂಡ್ರಿ ಅಂದರೆ ಎರಡು ಮೆಷಿನ್, ಒಂದು ಬಾಯ್ಲರ್, ಎರಡು ಇಸ್ತ್ರಿ ಮೇಜು. ಒಂದು ಮೇಜು ಅಣ್ಣನದು. ಇನ್ನೊಂದರ ಮುಂದೆ ಚಿನಕುರುಳಿ ಶಾಲೆ ಬಿಟ್ಟ ವರ್ಷದಿಂದ ನಿಂತಿದ್ದಳು. ಗಿರಾಕಿಗಳು ಅವಳ ಕೈಯ ಇಸ್ತ್ರಿಯನ್ನೇ ಕೇಳಿ ಹಾಕಿಸುತ್ತಿದ್ದರು. ಅವಳಿಗೋ ಆ ಬಿಸಿ ಹಬೆಯ ವಾಸನೆ ಕಂಡರಾಗದು. ಸಂಜೆ ತರಗತಿಗೆ ಹೋಗಿ, ವಯಸ್ಸಾದವರನ್ನು ನೋಡಿಕೊಳ್ಳುವ ತರಬೇತಿ ಮುಗಿಸಿ ಸರ್ಟಿಫಿಕೇಟ್ ತಂದಳು. "ಬಟ್ಟೆ ಮಾತಾಡಲ್ಲ, ಅಜ್ಜ ಅಜ್ಜಿಯರು ಮಾತಾಡ್ತಾರೆ," ಅನ್ನುತ್ತಿದ್ದಳು. ಇಲ್ಲಿ ಆ ಕೆಲಸಕ್ಕೆ ಸಿಗುವ ಸಂಬಳ ಬಸ್ಸಿಗೇ ಸರಿಹೋಗುತ್ತಿತ್ತು.

ಮನೆಯಲ್ಲಿದ್ದದ್ದು ಎರಡು ಕೋಣೆ. ಒಂದರಲ್ಲಿ ಅಣ್ಣ, ಅತ್ತಿಗೆ. ಇನ್ನೊಂದರಲ್ಲಿ ತಾಯಿ, ಚಿನಕುರುಳಿ, ಪಿಟೀಲು. ಪಿಟೀಲಿನ ಪರೀಕ್ಷೆಯ ದಿನಗಳಲ್ಲಿ ದೀಪ ಆರಿಸುವ ವಿಷಯಕ್ಕೆ ಜಗಳ ಶುರುವಾಗಿ, ಅದು ಬಟ್ಟೆ ಬೀರುವಿಗೆ ಹೋಗಿ, ಕೊನೆಗೆ ಒಂದು ದಿನ ಅತ್ತಿಗೆಯ ಬಾಯಿಂದ ಬಂತು: "ನಿನ್ನ ವಯಸ್ಸಿನವರು ಒಂದು ದಾರಿ ನೋಡ್ಕೊಂಡಿರ್ತಾರಮ್ಮ. ನೀನು ಯಾವಾಗ ನೋಡ್ಕೋತೀಯ?"

ಚಿನಕುರುಳಿ ಮರುವಾರವೇ ಏಜೆಂಟರ ಕಚೇರಿಗೆ ಹೋಗಿಬಂದಳು.

ಏಜೆಂಟರು ಆ ಬೀದಿಗೆ ಹೊಸಬರೇನಲ್ಲ. ಮೊದಲು ವಿಮಾನದ ಟಿಕೆಟ್ ಮಾಡಿಸಿ ಕೊಡುತ್ತಿದ್ದರು. ಆಮೇಲೆ ಹೊರದೇಶದಲ್ಲಿ ಕೆಲಸ ಕೊಡಿಸುವ ಬೋರ್ಡು ಹಾಕಿದರು. ಲಾಂಡ್ರಿಗೆ ಹಳೆಯ ಗಿರಾಕಿ. ವಾರಕ್ಕೆ ಆರು ಬಿಳಿ ಅಂಗಿ, ತಪ್ಪದೆ. ಪಾಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಇನ್ನೊಬ್ಬ ಗಿರಾಕಿ ಪ್ಯಾಂಟು ಇಸಿದುಕೊಳ್ಳಲು ಬಂದಾಗ ಅಣ್ಣನನ್ನು ಕೇಳಿದ್ದ.

"ವೀಸಾ ಯಾವುದು ಅಂತ ನೋಡಿದ್ರಾ? ಸಂದರ್ಶಕರ ವೀಸಾ ಆದ್ರೆ ಅಲ್ಲಿ ಕೆಲಸ ಮಾಡೋ ಹಾಗಿಲ್ಲ."

"ಅಲ್ಲಿ ಇಳಿದ ಮೇಲೆ ಬದಲಾಯಿಸಿ ಕೊಡ್ತಾರಂತೆ."

"ಹಾಗಂತ ಎಲ್ಲರೂ ಹೇಳ್ತಾರೆ. ಆ ಏಜೆಂಟಿಗೆ ಲೈಸೆನ್ಸ್ ಇದೆಯಾ? ಸರ್ಕಾರಿ ಕಚೇರೀಲಿ ಕೇಳಿದ್ರೆ ನಿಂತ ಕಾಲಲ್ಲಿ ಹೇಳ್ತಾರೆ."

"ಸಾರ್," ಅಣ್ಣ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಹೇಳಿದ್ದ, "ಮನುಷ್ಯರನ್ನ ನಾನು ಕಾಗದದಲ್ಲಿ ನೋಡಲ್ಲ, ಬಟ್ಟೇಲಿ ನೋಡ್ತೀನಿ. ಕುಡಿಯೋನ ಅಂಗಿ ಬೇರೆ, ಸಾಲಗಾರನ ಅಂಗಿ ಬೇರೆ. ಇಷ್ಟು ವರ್ಷದಲ್ಲಿ ಈತನ ಜೇಬಲ್ಲಿ ಒಂದು ಬೇಡದ ಚೀಟಿ, ಒಂದು ಬೀಡಿ ಚೂರು ಸಿಕ್ಕಿಲ್ಲ. ಒಳಜೇಬು ಕೂಡ ಕನ್ನಡಿ."

ಅದು ಆ ಮನೆಯವರ ನಂಬಿಕೆ. ತೀರಿಹೋದ ಮಾವನವರೂ ಹೆಣ್ಣು ಕೇಳಲು ಬಂದವರ ಕಫ್ ನೋಡಿಯೇ ಹೌದು, ಅಲ್ಲ ಅನ್ನುತ್ತಿದ್ದರಂತೆ. ಜೇಬನ್ನು ಅಷ್ಟು ಶುದ್ಧವಾಗಿ ಬರಿದು ಮಾಡಿ ಕೊಡುವವನು ಬಚ್ಚಿಡುವುದರಲ್ಲಿ ಪಳಗಿದವನಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಚಿನಕುರುಳಿ ಹೋದ ವಾರದಲ್ಲೇ ಏಜೆಂಟರು ಇನ್ನೊಂದು ಉಪಕಾರ ಮಾಡಿದರು. ಹೊರಡುವ ಮೊದಲು ಹೆಂಗಸರನ್ನು ಇಳಿಸಿಕೊಳ್ಳುವ ಹಾಸ್ಟೆಲ್ ಒಂದು ಅವರಿಗಿತ್ತು. ಅಲ್ಲಿನ ಬೆಡ್‌ಶೀಟು, ದಿಂಬಿನ ಕವರು, ಟವೆಲು ಎಲ್ಲವನ್ನೂ ಲಾಂಡ್ರಿಗೆ ಒಪ್ಪಿಸಿದರು. ಆ ಕೆಲಸದ ಭರವಸೆಯ ಮೇಲೆ ಅಣ್ಣ ಮೂರನೆಯ ಮೆಷಿನಿಗೆ ಕಂತು ಕಟ್ಟಲು ಒಪ್ಪಿಕೊಂಡ. ಬೆಡ್‌ಶೀಟು ಸುಲಭದ ಕೆಲಸ. ದಿಂಬಿನ ಕವರಿನದೇ ಗೋಳು. ಕಾಡಿಗೆ ಒರೆಸಿಕೊಂಡ ಗುರುತು ಮೆಷಿನಿಗೆ ಹೋಗುತ್ತಿರಲಿಲ್ಲ. ಅತ್ತಿಗೆ ಕುಳಿತು ಸಾಬೂನು ಹಚ್ಚಿ ಉಜ್ಜಬೇಕಿತ್ತು.

"ಇಷ್ಟೊಂದು ಕಾಡಿಗೆ ಬಳ್ಕೊಂಡು ಮಲಗ್ತಾರಲ್ಲ," ಎಂದು ಗೊಣಗಿದ್ದಳು ಒಮ್ಮೆ.

"ಹೊರಡೋ ಮುಂಚೆ ಅತ್ತಿರ್ತಾರೆ ಬಿಡು," ಎಂದಿದ್ದಳು ತಾಯಿ. "ಯಾರು ತಾನೇ ನಗ್ತಾ ಹೋಗ್ತಾರೆ?"

ಫೋನು ಬಂದದ್ದು ಒಂದು ಬುಧವಾರ, ಮಧ್ಯಾಹ್ನದ ಇಳಿಹೊತ್ತಿನಲ್ಲಿ. ಅಣ್ಣ ಗಂಟುಗಳನ್ನು ಹಂಚಲು ಹೋಗಿದ್ದ. ತಾಯಿ ಮೇಲೆ ಮಲಗಿದ್ದಳು. ಗುರುತಿಲ್ಲದ ನಂಬರು.

"ಅತ್ತಿಗೆ, ಪಕ್ಕದಲ್ಲಿ ಯಾರಿದಾರೆ?"

"ಯಾರೂ ಇಲ್ಲ. ಯಾರ ಫೋನೇ ಇದು?"

"ಡ್ರೈವರ್‌ದು. ಬೇಗ ಕೇಳಿಸ್ಕೊಳ್ಳಿ. ಇಲ್ಲಿ ವೃದ್ಧಾಶ್ರಮ ಗಿದ್ಧಾಶ್ರಮ ಏನೂ ಇಲ್ಲ. ಒಂದು ಮನೆ. ಮಾಲೀಕನ ತಮ್ಮಂದಿರ ಮನೆ ಇನ್ನೆರಡು. ಅಷ್ಟೂ ಜನರ ಬಟ್ಟೆ ಒಂದು ಶೆಡ್ಡಿಗೆ ತಂದು ಸುರೀತಾರೆ. ಬೆಳಗಾದ್ರೆ ಇಸ್ತ್ರಿ, ಸಂಜೆಯಾದ್ರೆ ಅಡಿಗೆಮನೆ. ನಾನು ಇಸ್ತ್ರಿ ಬಿಟ್ಟು ಓಡಿಬಂದೆ ಅಂದ್ಕೊಂಡಿದ್ದೆ. ಇಸ್ತ್ರಿ ಪೆಟ್ಟಿಗೆ ನನಗಿಂತ ಮುಂಚೆ ಬಂದು ಕಾಯ್ತಿತ್ತು ಅತ್ತಿಗೆ!"

ಚಿನಕುರುಳಿ ನಕ್ಕಳು. ಅತ್ತಿಗೆ ಸ್ಟೂಲಿನ ಮೇಲೆ ಕೂತಳು.

"ಮತ್ತೆ ಆ ಯೂನಿಫಾರ್ಮು?"

"ಭಾನುವಾರ ನಿಮಗೆ ತೋರಿಸೋಕೆ ಅಂತ ಹಾಕಿಸ್ತಾರೆ. ನಾನೇ ಇಸ್ತ್ರಿ ಮಾಡ್ಕೋತೀನಿ. ಮಾತಾಡೋವಾಗ ಮೇಡಂ ಪಕ್ಕದಲ್ಲೇ ಕೂತಿರ್ತಾಳೆ, ಜೊತೆಗೆ ನಮ್ಮ ಭಾಷೆ ಬರೋ ಅಡಿಗೆಯವಳು. ಪಾಸ್‌ಪೋರ್ಟ್ ಬಂದ ದಿನವೇ ಇಸ್ಕೊಂಡು ಬೀರೂಲಿ ಇಟ್ರು. ಸಂಬಳ ಕೇಳಿದ್ರೆ ಮೊದಲ ತಿಂಗಳುಗಳದ್ದು ಏಜೆಂಟಿಗೆ ಹೋಯ್ತು ಅಂತಾರೆ. ಅಣ್ಣನೇ ಹೇಳಿದ್ದಂತೆ ಏಜೆಂಟಿಗೆ, ಇಸ್ತ್ರೀಲಿ ನನ್ನ ಬಿಟ್ರೆ ಇನ್ನೊಬ್ಬರಿಲ್ಲ ಅಂತ."

"ಹೊಡೀತಾರಾ?"

"ಅದೆಲ್ಲ ಆಮೇಲೆ. ಈಗ ಮುಖ್ಯ ವಿಷಯ ಕೇಳಿ. ನನ್ನ ವೀಸಾ ಈ ತಿಂಗಳ ಕೊನೆಗೆ ಮುಗಿಯುತ್ತೆ. ಅದಾದ್ಮೇಲೆ ನಾನಿಲ್ಲಿ ಕಳ್ಳಿ ಇದ್ದ ಹಾಗೆ, ದೂರು ಕೊಡೋಕೆ ಹೋದ್ರೆ ನನ್ನನ್ನೇ ಹಿಡೀತಾರೆ. ಅಂಗಡೀಲಿ ಒಬ್ಬಳು ಸಿಕ್ಕಿದ್ಲು, ನಿಜವಾದ ವೃದ್ಧಾಶ್ರಮದೋಳು. ಸರ್ಟಿಫಿಕೇಟ್ ಇರೋರು ಅವರಿಗೆ ಬೇಕಂತೆ. ವೀಸಾ ಇರೋವಾಗಲೇ ನಾನು ಆಚೆ ಬಂದ್ರೆ ಅವರೇ ಸರಿಯಾಗಿ ಕಾಗದಪತ್ರ ಮಾಡಿಸಿ ಇಟ್ಕೋತಾರಂತೆ. ಅಣ್ಣ ಸರ್ಕಾರಿ ಕಚೇರಿಗೆ ಹೋಗಿ ದೂರು ಕೊಡ್ಲಿ. ಅಲ್ಲಿಂದ ಇಲ್ಲಿರೋ ನಮ್ಮ ರಾಯಭಾರಿ ಕಚೇರಿಗೆ ತಿಳಿಸ್ತಾರೆ. ಅಮ್ಮಂಗೆ ಬೇಡ. ಅಣ್ಣಂಗೆ ನೀವೇ ಹೇಳಿ."

"ಅವರಿಗೇ ಫೋನ್ ಮಾಡಬಹುದಿತ್ತಲ್ಲೇ?"

"ಅಣ್ಣ ಕೂಗಾಡ್ತಾನೆ, ಅಮ್ಮ ಅಳ್ತಾಳೆ. ನೀವು ಎರಡೂ ಮಾಡೋರಲ್ಲ. ಅದಕ್ಕೇ ನಿಮಗೆ ಹೇಳ್ತಿದೀನಿ. ಹೇಳ್ತೀರಲ್ಲ?"

"ಹೇಳ್ತೀನಿ," ಎಂದಳು ಅತ್ತಿಗೆ.

ಹೇಳಲಿಲ್ಲ.

ಆ ಸಂಜೆ ಮೂರನೆಯ ಮೆಷಿನನ್ನು ಇಳಿಸಲು ಜನ ಬಂದಿದ್ದರು. ಅಣ್ಣ ಖುಷಿಯಲ್ಲಿ ಎಲ್ಲರಿಗೂ ಚಹಾ ತರಿಸಿ, ಮೆಷಿನಿನ ಮುಚ್ಚಳವನ್ನು ನಾಲ್ಕು ಸಲ ತೆಗೆದು ಹಾಕಿ ತೋರಿಸಿದ. ಇವತ್ತು ಬೇಡ ಎಂದುಕೊಂಡಳು. ಮರುದಿನ ಬೆಳಿಗ್ಗೆ ಹೇಳಬೇಕೆಂದು ಮೇಲೆ ಹೋದರೆ, ಪಿಟೀಲು ಚಿನಕುರುಳಿಯ ಮಂಚವನ್ನು ಕಿಟಕಿಗೆ ಎಳೆದು, ಅದರ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದಳು. ವರ್ಷದಲ್ಲಿ ಮೊದಲ ಸಲ ರಾಗ ಇರಲಿಲ್ಲ. ಅತ್ತಿಗೆ ಬಾಗಿಲಲ್ಲಿ ನಿಂತು, ಸೌತೆಕಾಯಿ ಹೆಚ್ಚಿ ತಂದುಕೊಟ್ಟು, ಇಳಿದುಬಂದಳು. ಏಜೆಂಟರ ಮೇಲೆ ದೂರು ಕೊಟ್ಟರೆ ಹಾಸ್ಟೆಲಿನ ಗಂಟು ನಿಲ್ಲುತ್ತದೆ, ಕಂತು ತಲೆ ಮೇಲೆ ಬರುತ್ತದೆ. ಇದನ್ನೂ ಅವಳು ಲೆಕ್ಕ ಹಾಕಿದಳು. ಭಾನುವಾರ ಮುಖ ನೋಡೋಣ, ಆಮೇಲೆ ಹೇಳೋಣ ಎಂದು ತೀರ್ಮಾನಿಸಿದಳು.

ಭಾನುವಾರ ಜಗ್ಗಿನ ಮುಂದೆ ಮುಖ ಬಂತು.

"ಚೆನ್ನಾಗಿದೀನಮ್ಮ. ಎಲ್ಲಾ ಚೆನ್ನಾಗಿದೆ. ಅತ್ತಿಗೆ ಎಲ್ಲಿ?"

ಪಿಟೀಲು ಫೋನನ್ನು ಅತ್ತಿಗೆಯ ಕಡೆ ತಿರುಗಿಸಿದಳು. ಚಿನಕುರುಳಿ ಸುಮ್ಮನೆ ನೋಡಿದಳು. ಅತ್ತಿಗೆ ತಟ್ಟೆಯಲ್ಲಿದ್ದ ಅನ್ನವನ್ನು ಕಲಸತೊಡಗಿದಳು.

"ಮಾತಾಡೇ," ಎಂದ ಅಣ್ಣ. "ಅವಳಿದ್ದಾಗ ಜಗಳ, ಇಲ್ಲದಾಗ ಮೌನ. ಒಳ್ಳೆ ಅತ್ತಿಗೆ-ನಾದಿನಿ!"

"ಹುಷಾರಮ್ಮ," ಎಂದಳು ಅತ್ತಿಗೆ.

ಅದರ ಮುಂದಿನ ಭಾನುವಾರ ಫೋನು ಬರಲಿಲ್ಲ. ಪಿಟೀಲು ಇದ್ದ ನಂಬರಿಗೆ ಮಾಡಿ ನೋಡಿದಳು. ಸ್ವಿಚ್ ಆಫ್. ತಾಯಿ ಅನ್ನ ಬಡಿಸಿಕೊಂಡು ಮುಟ್ಟದೆ ಕೂತಳು.

"ತಿನ್ನಮ್ಮ. ಚಾರ್ಜ್ ಇರಲ್ಲ, ಅಷ್ಟೇ," ಎಂದ ಅಣ್ಣ.

"ನೀನು ತಿನ್ನು. ನನಗೆ ಸೇರ್ತಿಲ್ಲ."

"ಪ್ರತಿಯೊಂದಕ್ಕೂ ಗಾಬರಿ. ಅಂಥ ಜಾಗದಲ್ಲಿ ಏನಾಗುತ್ತೆ ಅವಳಿಗೆ?"

"ಅಂಥ ಜಾಗ ಅಲ್ಲ ಅದು," ಎಂದಳು ಅತ್ತಿಗೆ.

ಅವಳು ತಟ್ಟೆ ನೋಡಿಕೊಂಡೇ ಎಲ್ಲವನ್ನೂ ಹೇಳಿದಳು: ಶೆಡ್ಡು, ಬೀರುವಿನಲ್ಲಿರುವ ಪಾಸ್‌ಪೋರ್ಟು, ವೃದ್ಧಾಶ್ರಮದವಳು, ತಿಂಗಳ ಕೊನೆ. ಯಾವತ್ತು ಫೋನು ಬಂತು ಅನ್ನುವುದನ್ನು ಮಾತ್ರ ಬಿಟ್ಟಳು.

"ಯಾವತ್ತು ಹೇಳಿದ್ಲು?" ತಾಯಿ ಅದನ್ನೇ ಕೇಳಿದಳು.

"ಹೋದ... ಅದರ ಹಿಂದಿನ ವಾರ."

"ಅಂದ್ರೆ ಹೋದ ಭಾನುವಾರ ಅವಳು ಫೋನಲ್ಲಿ ನಿನ್ನ ಮುಖ ನೋಡ್ದಾಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು ಅತ್ತೆ."

"ಮಂಚ ಎಳ್ಕೊಂಡಿದ್ದಕ್ಕಾ ಅಮ್ಮ? ನನಗೋಸ್ಕರಾನಾ?" ಪಿಟೀಲು ಕೇಳಿದಳು. "ನಾನು ಕೇಳಿದ್ನಾ? ನನಗೆ ಬೇಡ ಆ ಮಂಚ!"

"ಸುಮ್ನಿರೇ!"

"ಅವಳ್ಯಾಕೆ ಸುಮ್ನಿರಬೇಕು?" ತಾಯಿಯ ದನಿ ಏರಿತು. "ದಾರಿ ನೋಡ್ಕೋ ಅಂದೆಯಲ್ಲ, ನೋಡ್ಕೊಂಡ್ಲು. ನಿನ್ನ ಹೊಟ್ಟೆ ತಣ್ಣಗಾಯ್ತಾ?"

"ನಾನೊಬ್ಬಳೇನಾ?" ಅತ್ತಿಗೆ ಈಗ ತಲೆ ಎತ್ತಿದಳು. "ಇಸ್ತ್ರೀಲಿ ಅವಳ ಬಿಟ್ರೆ ಇಲ್ಲ ಅಂತ ಏಜೆಂಟ್ ಮುಂದೆ ಹೊಗಳಿದ್ದು ಯಾರು? ವೀಸಾ ನೋಡು ಅಂದ ಗಿರಾಕಿಗೆ ಜೇಬಿನ ಕಥೆ ಹೇಳಿ ಕಳಿಸಿದ್ದು ಯಾರು? ವಾರವಾರ ಏನು ಊಟ ಅಂತ ಕೇಳಿದ್ರಲ್ಲ, ಹೇಗಿದೀಯ ಅಂತ ಅವಳೊಬ್ಬಳನ್ನೇ ಕೂರಿಸ್ಕೊಂಡು ಕೇಳಿದ್ದು ಯಾರು?"

ಅಣ್ಣ ಎದ್ದು, ಕೈಯನ್ನೂ ತೊಳೆಯದೆ ಕೆಳಗಿಳಿದ.

ಅವನು ನೇರ ಏಜೆಂಟರ ಮನೆಗೆ ಹೋದ. ಏಜೆಂಟರು ಬಾಗಿಲಲ್ಲೇ ಕುರ್ಚಿ ಹಾಕಿಸಿ ಕೂರಿಸಿದರು. ಅವನೇ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು.

"ಹೊಸ ಜಾಗದಲ್ಲಿ ಮೊದಮೊದಲು ಎಲ್ಲರೂ ಅತ್ತೇ ಅಳ್ತಾರೆ. ನನಗೊಂದು ವಾರ ಕೊಡಿ. ವೃದ್ಧಾಶ್ರಮಕ್ಕೆ ನಾನೇ ಬದಲಾಯಿಸಿ ಕೊಡ್ತೀನಿ. ನೀವು ಕಚೇರಿ ಗಿಚೇರಿ ಅಂತ ಓಡಾಡಿದ್ರೆ ಅಲ್ಲಿನ ಮಾಲೀಕ ಅವಳ ಮೇಲೆ ಕಳ್ಳತನದ ದೂರು ಕೊಡ್ತಾನೆ. ಆಮೇಲೆ ನನ್ನನ್ನ ಕೇಳಬೇಡಿ."

ಅಣ್ಣ ಮನೆಗೆ ಬಂದು, "ವಾರ ಟೈಂ ಕೇಳಿದಾನೆ," ಎಂದ.

"ನೀವು ಕೊಟ್ರಾ?"

"ಕಳ್ಳತನದ ಕೇಸು ಹಾಕ್ತಾರಂತೆ. ಏನು ಮಾಡ್ಲಿ?"

"ತಿಂಗಳು ಮುಗಿಯುತ್ತಲ್ರೀ!"

"ನೀನು ಇಷ್ಟು ದಿನ ಬಾಯಿ ಮುಚ್ಕೊಂಡಿದ್ದಾಗ ಮುಗೀತಿರ್ಲಿಲ್ವಾ?"

ಮೂರು ದಿನ ಆ ಮನೆಯಲ್ಲಿ ಗಂಡಹೆಂಡಿರು ಪಿಟೀಲಿನ ಮೂಲಕ ಮಾತಾಡಿದರು. "ನಿಮ್ಮಪ್ಪಂಗೆ ಹೇಳು, ಗಂಜಿ ಮುಗಿದಿದೆ." "ನಿಮ್ಮಮ್ಮಂಗೆ ಹೇಳು, ಗೊತ್ತು ಅಂತ." ನಾಲ್ಕನೆಯ ದಿನ ಹುಡುಗಿ, "ನಾನೇನು ಅಂಚೆಪೆಟ್ಟಿಗೇನಾ?" ಎಂದು ರೇಗಿ, ಕಾಲೇಜಿಗೆ ಹೋಗುವ ಬದಲು ಪಾಸ್‌ಪೋರ್ಟ್ ಕಚೇರಿಯ ಗಿರಾಕಿಯನ್ನು ಹುಡುಕಿಕೊಂಡು ಹೋದಳು. ವಿಷಯ ತಿಳಿದ ಅಣ್ಣ ಅಂಗಡಿಗೆ ಬೀಗ ಹಾಕಿ ಹಿಂದೆಯೇ ಓಡಿದ. ಅತ್ತಿಗೆಯೂ ಹೋದಳು.

ಹೊರದೇಶದ ಕೆಲಸಗಾರರ ವಿಷಯ ನೋಡಿಕೊಳ್ಳುವ ಸರ್ಕಾರಿ ಕಚೇರಿ ಅದೇ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಅಲ್ಲಿನ ಅಧಿಕಾರಿಣಿ ಏಜೆಂಟರ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿದರು.

"ಈತನಿಗೆ ಟಿಕೆಟ್ ಮಾರೋ ಪರವಾನಗಿ ಇದೆ. ಕೆಲಸಕ್ಕೆ ಜನ ಕಳಿಸೋ ಲೈಸೆನ್ಸ್ ಇಲ್ಲ. ಹೋಗೋ ಮುಂಚೆ ಕೇಳಿದ್ರೆ ಆಗಲೇ ಹೇಳ್ತಿದ್ವಿ. ಕೆಲಸದ ಕರಾರುಪತ್ರ ನೋಡಿದ್ರಾ ನೀವು?"

"ಏರ್‌ಪೋರ್ಟಲ್ಲಿ ಸಹಿ ಹಾಕಿಸ್ಕೊಂಡ್ರಂತೆ. ಆ ದೇಶದ ಭಾಷೇಲಿತ್ತಂತೆ."

"ಅವಳ ಪಾಸ್‌ಪೋರ್ಟಿನ ನಕಲು?"

"ಇಲ್ಲ."

"ಮನೆ ವಿಳಾಸ?"

"ಇಲ್ಲ ಮೇಡಂ."

ಅಧಿಕಾರಿಣಿ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಅಣ್ಣನಿಗೆ ಹಗುರವಾಗುತ್ತಿತ್ತು.

"ಆ ಡ್ರೈವರ್ ನಂಬರಾದ್ರೂ ಇದೆಯಾ?"

ಅದು ಅತ್ತಿಗೆಯ ಫೋನಿನಲ್ಲಿತ್ತು. ಅಧಿಕಾರಿಣಿ ತಾವೇ ಮಾತಾಡಿದರು. ಡ್ರೈವರ್ ಮೊದಲು ಹೆದರಿ ಇಟ್ಟುಬಿಟ್ಟ. ಸಂಜೆ ಅವನೇ ತಿರುಗಿ ಮಾಡಿ, ಮನೆಗೆ ಬರುವ ದಿನಸಿ ಪೆಟ್ಟಿಗೆಯ ಮೇಲಿನ ವಿಳಾಸದ ಫೋಟೋ ಕಳಿಸಿದ. ಚಿನಕುರುಳಿಯ ಫೋನನ್ನು ಆ ಮನೆಯ ಮೇಡಂ ಕಿತ್ತಿಟ್ಟಿದ್ದಾಳೆ, ಹುಡುಗಿಯ ಜೀವಕ್ಕೇನೂ ಅಪಾಯವಿಲ್ಲ ಎಂದೂ ತಿಳಿಸಿದ.

ಕಚೇರಿಯವರು ಒಂದು ಎಚ್ಚರಿಕೆ ಕೊಟ್ಟಿದ್ದರು. ಅವಳು ಹೊರಗೆ ಬರುವವರೆಗೆ ಏಜೆಂಟರ ಜೊತೆ ಜಗಳ ಬೇಡ, ಅನುಮಾನ ಬಂದರೆ ಅವಳನ್ನು ಬೇರೆ ಕಡೆ ಸಾಗಿಸಿಬಿಡುತ್ತಾರೆ ಎಂದು. ಹಾಗಾಗಿ ಲಾಂಡ್ರಿಗೆ ಹಾಸ್ಟೆಲಿನ ಗಂಟು ಬರುತ್ತಲೇ ಇತ್ತು. ಅಣ್ಣ ಒಗೆದ. ಅತ್ತಿಗೆ ದಿಂಬಿನ ಕವರುಗಳಿಗೆ ಸಾಬೂನು ಹಚ್ಚಿದಳು. ಮೊದಲಿನಂತೆ ಗೊಣಗಲಿಲ್ಲ. ತಾಯಿ ಒಮ್ಮೆ ಇಳಿದುಬಂದು ನೋಡಿ, "ಇದನ್ನ ಮುಟ್ಟೋಕೆ ಕೈ ಹೇಗೆ ಬರುತ್ತೆ ನಿಮಗೆ?" ಎಂದಳು.

"ಅವಳು ಆಚೆ ಬರ್ಲಿ ಅಮ್ಮ."

"ಇಲ್ಲಿ ಮಲಗಿ ಎದ್ದು ಹೋಗೋರು ಯಾರ ಮನೆ ಮಕ್ಕಳೋ!"

ಅಣ್ಣ ಮೆಷಿನ್ ಹಾಕಿದ. ಅದರ ಸದ್ದಿನಲ್ಲಿ ಉತ್ತರ ಕೊಡುವ ಕೆಲಸ ತಪ್ಪಿತು.

ಚಿನಕುರುಳಿ ಹೊರಗೆ ಬಂದಳು. ರಾಯಭಾರಿ ಕಚೇರಿಯ ಒಬ್ಬರು, ಆ ದೇಶದ ಕಾರ್ಮಿಕ ಅಧಿಕಾರಿ, ಜೊತೆಗೊಬ್ಬ ಪೊಲೀಸ್ ಹೋಗಿ ಬಾಗಿಲು ತಟ್ಟಿದರು. ಪಾಸ್‌ಪೋರ್ಟು ಬೀರುವಿನಿಂದ ಬಂತು. ಸಂಬಳ ಬರಲಿಲ್ಲ. ಅವಳನ್ನು ಹೆಂಗಸರ ಆಶ್ರಯಧಾಮಕ್ಕೆ ಸೇರಿಸಿದರು. ಇದೆಲ್ಲ ಆದದ್ದು ತಿಂಗಳು ಮುಗಿದು ಮೊದಲ ವಾರ ಕಳೆಯುತ್ತಿದ್ದಾಗ.

ಅವಳ ಫೋನು ಬಂದಾಗ ಯಾರೂ ಊಟಕ್ಕೆ ಕೂತಿರಲಿಲ್ಲ. ತಾಯಿ ಫೋನು ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತಿನ ಮೇಲೆ ಬಂದು ಸೊಸೆಯ ಕೈಗೆ ಕೊಟ್ಟಳು.

"ಅತ್ತಿಗೆ."

"ಹೇಳಮ್ಮ."

"ವೃದ್ಧಾಶ್ರಮದೋರು ಬಂದಿದ್ರು. ವೀಸಾ ಮುಗಿದ ಮೇಲೆ ಅವರ ಕೈಲೂ ಏನೂ ಆಗಲ್ವಂತೆ. ವಾಪಸ್ ಕಳಿಸ್ತಾರೆ. ಇನ್ನು ಕೆಲವು ವರ್ಷ ಈ ದೇಶಕ್ಕೆ ಕಾಲಿಡೋ ಹಾಗಿಲ್ಲ. ಅವಧಿ ಮೀರಿ ಇದ್ದದ್ದಕ್ಕೆ."

ಅತ್ತಿಗೆ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಅವರಲ್ಲಿರೋ ಒಬ್ಬ ಅಜ್ಜನ್ನ ಫೋನಲ್ಲಿ ತೋರಿಸಿದ್ರು. ನಾನು ಬರ್ತೀನಿ ಅಂತ ಗಡ್ಡ ಬೋಳಿಸ್ಕೊಂಡು ಕೂತಿದ್ನಂತೆ." ಚಿನಕುರುಳಿ ಮಾತು ತಿರುಗಿಸಿದಳು. "ನಾನು ಆ ಭಾನುವಾರ ನಿಮ್ಮ ಮುಖ ನೋಡಿದ ಕೂಡ್ಲೇ ಗೊತ್ತಾಯ್ತು, ನೀವು ಹೇಳಿಲ್ಲ ಅಂತ."

"ತಪ್ಪಾಯ್ತು ಕಣೇ."

"ಹೂಂ," ಎಂದಳು ಚಿನಕುರುಳಿ. ಪರವಾಗಿಲ್ಲ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಹಾಸ್ಟೆಲಿನ ಗಂಟು ಮಡಿಚಿ ಸಿದ್ಧವಾಗಿತ್ತು. ಏಜೆಂಟರು ಕಚೇರಿಗೆ ಬಾರದೆ ಎರಡು ದಿನವಾಗಿತ್ತು. ಬಾಗಿಲಿಗೆ ಬೀಗ ಬಿದ್ದಿತ್ತು. ಹಾಸ್ಟೆಲಿನಲ್ಲಿ ಮಾತ್ರ ಜನ ಇದ್ದರು. ಆ ರಾತ್ರಿಯ ವಿಮಾನಕ್ಕೆ ಹೊರಡುವವರು. ಟಿಕೆಟ್ಟು, ವೀಸಾ ಎಲ್ಲ ಅವರ ಕೈಯಲ್ಲೇ ಇತ್ತು, ಏಜೆಂಟರ ಅಗತ್ಯವೇ ಇರಲಿಲ್ಲ. ಅಧಿಕಾರಿಣಿಗೆ ಫೋನು ಮಾಡಿದರೆ, ತನಿಖೆಗೆ ಬರಲು ನಾಳೆಯಾಗುತ್ತದೆ, ಅಷ್ಟರಲ್ಲಿ ನೀವು ಹೋಗಿ ಹೇಳಿ ನಿಲ್ಲಿಸಿ ಎಂದರು.

ಅಣ್ಣ ಗಂಟನ್ನು ಹೆಗಲಿಗೆ ಹಾಕಿದ. ಅತ್ತಿಗೆ ಸೆರಗು ಬಿಗಿದು ಜೊತೆಗೆ ಹೊರಟಳು.

ಕೋಣೆಯಲ್ಲಿ ನಾಲ್ಕು ಹೆಂಗಸರಿದ್ದರು. ಸೂಟ್‌ಕೇಸುಗಳು ಬಾಗಿಲ ಬಳಿ ಸಾಲಾಗಿ ನಿಂತಿದ್ದವು. ಒಬ್ಬಳು ಇನ್ನೊಬ್ಬಳ ಜಡೆ ಹೆಣೆಯುತ್ತಿದ್ದಳು. ಅಣ್ಣ ಗಂಟನ್ನು ಇಳಿಸಿ, ನಿಂತಲ್ಲೇ ನಿಂತು, ತಂಗಿಯ ಕಥೆ ಹೇಳಿದ. ನಿಮ್ಮ ವೀಸಾ ತೆಗೆದು ನೋಡಿ, ಸಂದರ್ಶಕರದು ಅಂತಿರುತ್ತೆ, ಅಂದ.

ಜಡೆ ಹೆಣೆಯುತ್ತಿದ್ದವಳಿಗೆ ನಗು ಬಂತು. ವಯಸ್ಸು ನಲವತ್ತರ ಹತ್ತಿರ. ಮಾತಿಗೆ ಹೆದರುವವಳಲ್ಲ.

"ಅಣ್ಣಾವ್ರೇ, ನೀವು ಆ ಲಾಂಡ್ರಿಯವರಲ್ವಾ?"

"ಹೌದು."

"ನನಗೂ ಅನುಮಾನ ಇತ್ತು. ಬರಲ್ಲ ಅಂದಿದ್ದೆ. ಏಜೆಂಟ್ರು ನನ್ನನ್ನ ನಿಮ್ಮ ಅಂಗಡಿ ಎದುರಿಗೆ ಕರ್ಕೊಂಡು ಬಂದು ನಿಲ್ಲಿಸಿ, ನೋಡಿ, ಈ ಮನೆ ಹುಡುಗೀನೂ ನಾನೇ ಕಳಿಸಿದ್ದು, ಬೇಕಾದ್ರೆ ಅವರನ್ನೇ ಕೇಳಿ ಅಂದ್ರು. ನೀವು ಒಳಗಿಂದ ಕೈ ಎತ್ತಿ, ಏನು ಸಾರ್, ಹೊಸ ಗಾಡಿ ಹೊರಟ್ತಾ ಅಂತ ನಗಾಡಿದ್ರಿ. ಅದನ್ನ ನೋಡಿ ಕಣ್ಣು ಮುಚ್ಕೊಂಡು ಹಣ ಕಟ್ಟಿದೆ. ಇವರು ಮೂವರೂ ಹಾಗೇ ಬಂದೋರು."

ಅಣ್ಣನಿಗೆ ಹಾಗೆ ಕೈ ಎತ್ತಿದ್ದು ಯಾವತ್ತು ಎಂದು ನೆನಪಾಗಲಿಲ್ಲ. ಬಹಳ ಸಲ ಎತ್ತಿದ್ದ.

"ಈಗ ಹೊರಡೋ ದಿನ ಬಂದು ಬೇಡ ಅಂತೀರ. ಏಜೆಂಟ್ರಿಗೂ ನಿಮಗೂ ಏನೋ ವ್ಯವಹಾರ ಕೆಟ್ಟಿರಬೇಕು."

"ಇಲ್ಲಮ್ಮ, ದೇವರಾಣೆ..."

"ದೇವರು ಇರ್ಲಿ. ಆತ ಅಂಥ ಮನುಷ್ಯ ಅಂತ ಗೊತ್ತಿದ್ದೂ ಈ ಬೆಡ್‌ಶೀಟ್ ಯಾಕೆ ಒಗೆದು ತಂದ್ರಿ?"

"ಅವಳು ಆಚೆ ಬರೋವರೆಗೆ ಸುಮ್ಮನಿರಿ ಅಂತ ಕಚೇರಿಯವರು..."

"ಅಷ್ಟೇನಾ?" ಆಕೆ ಅತ್ತಿಗೆಯ ಕಡೆ ತಿರುಗಿದಳು. "ನೀವು ಹೇಳಿ. ಮೊನ್ನೆ ಒಗೆದ್ರಲ್ಲ, ಅದರ ಹಿಂದಿನ ವಾರ, ಅದಕ್ಕೂ ಹಿಂದೆ? ಅವಾಗೆಲ್ಲ ಗೊತ್ತಿತ್ತಾ?"

ಅಣ್ಣ ಏನೋ ಹೇಳಹೊರಟ. ಅತ್ತಿಗೆ ಅವನ ತೋಳು ಹಿಡಿದು ಹಿಂದಕ್ಕೆ ಸರಿಸಿದಳು.

"ಗೊತ್ತಿತ್ತು," ಎಂದಳು. "ಕಚೇರಿಯವರು ಹೇಳೋ ಮುಂಚೆನೂ ಗೊತ್ತಿತ್ತು. ಇವರಿಗಲ್ಲ, ನನಗೆ. ನಾದಿನಿ ನನ್ನ ಒಬ್ಬಳಿಗೇ ಫೋನ್ ಮಾಡಿ ಹೇಳಿದ್ಲು. ಹೊಸ ಮೆಷಿನ್ ಬಂದಿತ್ತು, ಮಗಳಿಗೆ ಮಂಚ ಸಿಕ್ಕಿತ್ತು. ನಾನು ಯಾರಿಗೂ ಹೇಳದೆ ನಿಮ್ಮ ದಿಂಬಿನ ಕವರು ಉಜ್ಜುತಾ ಕೂತಿದ್ದೆ. ಅವಳಿಗೆ ಅಲ್ಲೇ ಒಳ್ಳೆ ಕೆಲಸ ಇತ್ತು. ನನ್ನಿಂದ ಹೋಯ್ತು."

ಜಡೆ ಹೆಣೆಯುವ ಕೈ ನಿಂತಿತ್ತು. ಹೆಣೆಸಿಕೊಳ್ಳುತ್ತಿದ್ದ ಹುಡುಗಿ ಅರ್ಧ ಜಡೆಯಲ್ಲೇ ಎದ್ದು ತನ್ನ ಚೀಲದಿಂದ ಪಾಸ್‌ಪೋರ್ಟ್ ತೆಗೆದು ಹಾಳೆ ತಿರುವತೊಡಗಿದಳು. ಕಿಟಕಿಯ ಬಳಿಯ ಇಬ್ಬರು ಮುಖ ಮುಖ ನೋಡಿಕೊಂಡು, ತಮ್ಮ ಸೂಟ್‌ಕೇಸುಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ದೊಡ್ಡವಳು ಅತ್ತಿಗೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸುಳ್ಳು ಹೇಳೋರು ತಮ್ಮ ಮೇಲೇ ಇಷ್ಟು ಹೇಳ್ಕೊಳ್ಳಲ್ಲ," ಎಂದು ಕೈ ಚಾಚಿದಳು. "ಎಲ್ಲಿ, ನಿಮ್ಮ ನಾದಿನಿಗೆ ಫೋನ್ ಹಚ್ಚಿ. ನಾನೇ ಕೇಳ್ತೀನಿ."